ಮುಖ ಬೇಡ, ಕೈ ತೋರಿಸು

ದೂರದ ದೇಶದಲ್ಲಿರುವ ಮೊಮ್ಮಕ್ಕಳ ಜತೆ ವಿಡಿಯೋ ಕರೆಯಲ್ಲಿ ಮಾತನಾಡಿದವರಿಗೆಲ್ಲ ಈ ಕಷ್ಟ ಗೊತ್ತಿರುತ್ತದೆ. ಊಟ ಆಯಿತೇ ಎಂದು ಕೇಳುತ್ತೇವೆ, ಆಯಿತು ಎನ್ನುತ್ತವೆ. ಏನು ಊಟ ಎಂದರೆ ಪಾಸ್ತಾ. ಶಾಲೆ ಹೇಗಿದೆ ಎಂದರೆ ಚೆನ್ನಾಗಿದೆ. ಅಲ್ಲಿಗೆ ಸರಕು ಮುಗಿಯಿತು. ಆಮೇಲೆ ಆ ಕೂಸು ಪರದೆಯ ಮೂಲೆಯಲ್ಲಿ ತನ್ನದೇ ಮುಖ ನೋಡಿಕೊಂಡು ಹಲ್ಲು ಕಿರಿಯುತ್ತದೆ. ನಾವು ಇತ್ತ ಕಡೆ ಸುಮ್ಮನೆ ನಗುತ್ತ ಕೂರುತ್ತೇವೆ. ಹಿಂದಿನಿಂದ ಮಗಳು “ಅಜ್ಜಿಗೆ ಆ ಹಾಡು ಹೇಳಿ ತೋರಿಸು” ಎಂದು ಬಲವಂತ ಮಾಡುತ್ತಾಳೆ. ಮಗು ಹೇಳುವುದಿಲ್ಲ. ಹೇಳದಿರುವುದೇ ಸರಿ. ಕೇಳಿದಾಗಲೆಲ್ಲ ಹಾಡಲು ಅದೇನು ರೇಡಿಯೋವೇ?

ನನ್ನ ಮೊಮ್ಮಗಳು ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದಾಳೆ. ವಯಸ್ಸು ಹನ್ನೊಂದು. ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ, ಮಾತನಾಡುವಾಗ ಮಾತ್ರ ಕ್ರಿಯಾಪದದ ಹತ್ತಿರ ಬಂದು ನಿಂತುಬಿಡುತ್ತಾಳೆ. ಈಗ ಕೆಲವು ಕಾಲದಿಂದ ನಾವಿಬ್ಬರೂ ಶನಿವಾರದ ಕರೆಯಲ್ಲಿ ಮುಖ ನೋಡಿಕೊಳ್ಳುವುದನ್ನೇ ಬಿಟ್ಟಿದ್ದೇವೆ. ಕರೆ ಸಿಕ್ಕಿದ ಕೂಡಲೇ ಇಬ್ಬರೂ ಮೊಬೈಲನ್ನು ಕಾಗದದ ಕಡೆಗೆ ಬಗ್ಗಿಸಿ ಇಡುತ್ತೇವೆ. ನನಗೆ ಅವಳ ಕೈ, ಕುಂಚ, ನೀರಿನ ಲೋಟ ಕಾಣುತ್ತವೆ. ಅವಳಿಗೆ ನನ್ನವು. ಇಲ್ಲಿ ಶಿವಮೊಗ್ಗದಲ್ಲಿ ಮಧ್ಯಾಹ್ನ ಮೂರೂವರೆ, ಅಲ್ಲಿ ಬೆಳಗ್ಗೆ ಹತ್ತು ಗಂಟೆ. ಮಾರ್ಚ್ ಕೊನೆಯಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಆಗ ನನಗೆ ಎರಡೂವರೆಗೇ ಕರೆ ಬರುತ್ತದೆ, ಊಟದ ಮೇಲಿನ ನಿದ್ದೆಗೆ ಕಲ್ಲು ಬೀಳುತ್ತದೆ. ಇರಲಿ.

ನನ್ನ ಸ್ಟ್ಯಾಂಡ್ ಎಂದರೆ ಮೇಜಿನ ಮೇಲೆ ಎರಡು ಸಾರಿನಪುಡಿ ಡಬ್ಬಿ, ಅವುಗಳ ಮೇಲೊಂದು ಮಣೆ, ಮಣೆಯಂಚಿನಿಂದ ಕೆಳಗೆ ಇಣುಕುವ ಮೊಬೈಲ್, ಅದು ಜಾರದಂತೆ ಹಿಂಬದಿಗೆ ಅಕ್ಕಿ ತುಂಬಿದ ಪಾವು. ಅಳಿಯಂದಿರು ಬಗ್ಗುವ ಕತ್ತಿನ ಸ್ಟ್ಯಾಂಡ್ ಒಂದನ್ನು ಕಳಿಸಿದ್ದಾರೆ. ಮೊಬೈಲ್ ಸಿಕ್ಕಿಸಿದರೆ ಅದು ಮೆಲ್ಲಗೆ ತೂಕಡಿಸಿ ನೀರಿನ ಲೋಟದೊಳಗೆ ಮುಖ ಇಡಲು ಹೋಗುತ್ತದೆ. ಪಾವೇ ವಾಸಿ.

ಇಬ್ಬರೂ ಒಂದೇ ವಸ್ತುವನ್ನು ಬರೆಯುತ್ತೇವೆ. ಒಂದು ಈರುಳ್ಳಿ, ಒಂದು ಚಪ್ಪಲಿ, ಕಿಟಕಿಯಾಚೆಗಿನ ಮನೆಯ ಮಾಡು. ಕೈ ಕೆಲಸದಲ್ಲಿರುವಾಗ ಮಾತು ಅದರ ಪಾಡಿಗೆ ಅದು ಬರುತ್ತದೆ. ಒಮ್ಮೆ ಮಾಡಿನ ಹೆಂಚುಗಳಿಗೆ ಬಣ್ಣ ಕೊಡುತ್ತಿದ್ದಾಗ ಅವಳು, ತಲೆ ಎತ್ತದೆಯೇ, ತನ್ನ ಜತೆ ಕೂರುತ್ತಿದ್ದ ಗೆಳತಿ ಈಗ ಬೇರೆ ಬೆಂಚಿಗೆ ಹೋಗಿದ್ದಾಳೆ ಎಂದಳು. ನಾನು ಹೂಂ ಎಂದೆ. ಇನ್ನೊಂದು ಸಾಲು ಹೆಂಚು ಮುಗಿದ ಮೇಲೆ ಯಾಕೆ ಹೋದಳು ಎಂಬುದೂ ಬಂತು. ಮೂರನೆಯ ಸಾಲಿಗೆ ನನ್ನದೂ ಒಂದು ಅಂಥದೇ ಕಥೆ ಹೇಳಿದೆ, ಸಾಗರದ ಹೈಸ್ಕೂಲಿನದು. ಎದುರುಬದುರು ಮುಖ ಇಟ್ಟುಕೊಂಡು ಕೇಳಿದ್ದರೆ “ಚೆನ್ನಾಗಿದೆ” ಎಂಬ ಉತ್ತರವೇ ಗತಿಯಾಗುತ್ತಿತ್ತು.

ನಾನು ಕಲಾವಿದೆ ಅಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. 1979ರಲ್ಲಿ ನೀರಾವರಿ ಇಲಾಖೆಗೆ ಟ್ರೇಸರ್ ಆಗಿ ಸೇರಿದವಳು. ಟ್ರೇಸರ್ ಎಂದರೆ ಏನು ಎಂದು ಈಗಿನವರಿಗೆ ಬಿಡಿಸಿ ಹೇಳಬೇಕು. ಪೆನ್ಸಿಲಿನಲ್ಲಿ ತಯಾರಾದ ನಕ್ಷೆಯ ಮೇಲೆ ಟ್ರೇಸಿಂಗ್ ಬಟ್ಟೆ ಹಾಸಿ, ಪಿನ್ನು ಚುಚ್ಚಿ, ರೂಲಿಂಗ್ ಪೆನ್ನಿನಿಂದ ಕಪ್ಪು ಶಾಯಿಯಲ್ಲಿ ಗೆರೆ ಎತ್ತುವ ಕೆಲಸ. ಬಟ್ಟೆಗೆ ಮೊದಲು ಸೀಮೆಸುಣ್ಣದ ನುಣ್ಣನೆಯ ಪುಡಿ ಉಜ್ಜದಿದ್ದರೆ ಶಾಯಿ ಹಿಡಿಯುವುದಿಲ್ಲ. ಬೆವರಿನ ಒಂದು ಹನಿ ಬಿದ್ದರೂ ಅಲ್ಲಿ ಬಿಳಿ ಕಲೆ ಏಳುತ್ತದೆ, ಏಕೆಂದರೆ ಅದು ಬಿಗಿಯಾಗಿ ಗಂಜಿ ಕುಡಿಸಿದ ಬಟ್ಟೆ. ತಪ್ಪಿದ ಗೆರೆಯನ್ನು ಬ್ಲೇಡಿನ ಮೂಲೆಯಿಂದ ಕೆರೆದು ತೆಗೆಯಬೇಕು. ರದ್ದಾದ ನಕ್ಷೆಗಳನ್ನು ನಾವು ಮನೆಗೆ ತಂದು ನೀರಿನಲ್ಲಿ ನೆನೆಸುತ್ತಿದ್ದೆವು. ಗಂಜಿ ಬಿಟ್ಟ ಮೇಲೆ ಮಲ್ಲಿನಂಥ ತೆಳು ಬಟ್ಟೆ ಕೈಗೆ ಬರುತ್ತಿತ್ತು. ನನ್ನ ಮಗಳು ಹುಟ್ಟಿದಾಗ ನಾನು ಹೊಲಿದ ಮೊದಲ ಅಂಗಿ ಯಾವುದೋ ಉಪಕಾಲುವೆಯ ನಕ್ಷೆಯದು. ಎಷ್ಟು ತೊಳೆದರೂ ಬೆನ್ನಿನ ಕಡೆ ಕಾಲುವೆಯ ದೂರ ಗುರುತಿಸುವ ಚೈನೇಜ್ ಅಂಕಿಗಳು ಮಾಸಲಾಗಿ ಉಳಿದೇ ಇದ್ದವು. ಮಗಳಿಗೆ ಈ ಸಂಗತಿ ಹೇಳಿದರೆ ಈಗಲೂ ಅವಮಾನವಾದವಳಂತೆ ಮುಖ ಮಾಡುತ್ತಾಳೆ. ಮೊಮ್ಮಗಳು ಮಾತ್ರ ಆ ಅಂಗಿ ಇನ್ನೂ ಇದೆಯೇ ಎಂದು ಕೇಳಿದಳು. ಇಲ್ಲ, ಅದು ಕೊನೆಗೆ ಒಲೆಯ ಮೇಲಿನ ಪಾತ್ರೆ ಇಳಿಸುವ ಮಸಿಬಟ್ಟೆಯಾಯಿತು.

ಬಣ್ಣದ ಕೆಲಸ ಬರುವುದು ಆಮೇಲೆ. ಟ್ರೇಸಿಂಗಿನಿಂದ ಅಮೋನಿಯಾ ಪ್ರಿಂಟ್, ಅಂದರೆ ಕಾಗದದ ನಕಲು, ತೆಗೆದು, ಆ ಘಾಟಿಗೆ ಕಣ್ಣೀರು ಸುರಿಸಿ, ಪ್ರಿಂಟುಗಳನ್ನು ಮೇಜಿನ ಮೇಲೆ ಹರಡಿಕೊಂಡು ಜಲವರ್ಣ ಕೊಡಬೇಕಿತ್ತು. ಹಳೆಯ ಕಾಲದ ಎಂಜಿನಿಯರಿಂಗ್ ರೂಢಿಯಲ್ಲಿ ಪ್ರತಿ ವಸ್ತುವಿಗೂ ಒಂದು ಬಣ್ಣ ಗೊತ್ತುಮಾಡಿದ್ದರು: ಇಟ್ಟಿಗೆಗೆ ಕ್ರಿಮ್ಸನ್ ಲೇಕ್ ಎಂಬ ಕೆಂಪು, ಮರಕ್ಕೆ ಬರ್ನ್ಟ್ ಸಿಯೆನಾ, ನೀರಿಗೆ ಪ್ರಷ್ಯನ್ ಬ್ಲೂ, ಹಿತ್ತಾಳೆಗೆ ಗ್ಯಾಂಬೋಜ್ ಎಂಬ ಹಳದಿ, ಎರಕದ ಕಬ್ಬಿಣಕ್ಕೆ ಪೇನ್ಸ್ ಗ್ರೇ. ನಾನು ಸೇರುವ ಹೊತ್ತಿಗೆ ಈ ರೂಢಿ ಅರ್ಧ ಸತ್ತಿತ್ತು. ಆದರೂ ನಮ್ಮ ಹೆಡ್ ಡ್ರಾಫ್ಟ್ಸ್‌ಮನ್ ಹಳಬರು, ಬಿಡುತ್ತಿರಲಿಲ್ಲ. ಬಣ್ಣದ ಬಿಲ್ಲೆಯನ್ನು ಪಿಂಗಾಣಿ ತಟ್ಟೆಯಲ್ಲಿ ತೇಯಿಸಿಯೇ ಕೆಲಸ ಶುರು ಮಾಡಿಸುತ್ತಿದ್ದರು. “ಬಣ್ಣ ಬಳಿಯಬೇಡಮ್ಮ, ನೀರನ್ನು ನಡೆಸು” ಎನ್ನುತ್ತಿದ್ದರು. ನಮ್ಮ ಹಿಂದಿನವರು ಬಣ್ಣ ಕೊಟ್ಟ ನಕ್ಷೆಗಳು ದಾಖಲೆ ಕೋಣೆಯಲ್ಲಿದ್ದವು. ಅವುಗಳಲ್ಲಿ ಪ್ರಷ್ಯನ್ ಬ್ಲೂ ಗಟ್ಟಿಯಾಗಿ ನಿಂತಿತ್ತು, ಕ್ರಿಮ್ಸನ್ ಲೇಕ್ ಬೆಳಕಿಗೆ ಸೋತು ಚಹಾ ಚೆಲ್ಲಿದ ಕಲೆಯಂತಾಗಿತ್ತು. ಇಟ್ಟಿಗೆ ಗೋಡೆಗಳೆಲ್ಲ ಮಾಯವಾಗಿ ನೀರು ಮಾತ್ರ ಉಳಿದ ನಕ್ಷೆಗಳು.

ಹೀಗೆ ಬಣ್ಣದ ನೀರನ್ನು ಕಾಗದದ ಮೇಲೆ ಒಂದೇ ಸಮನೆ ಇಳಿಸುವುದಕ್ಕೆ ವಾಷ್ ಎನ್ನುತ್ತಾರೆ. ಈ ವಾಷ್ ಒಂದನ್ನೇ ನಾನು ಮೊಮ್ಮಗಳಿಗೆ ಶಾಸ್ತ್ರೋಕ್ತವಾಗಿ ಕಲಿಸಿದ್ದು. ಹಲಗೆಯ ಆಚೆ ಅಂಚಿನ ಕೆಳಗೆ ಒಂದು ಪುಸ್ತಕ ಇಟ್ಟು ನಿನ್ನ ಕಡೆಗೆ ಇಳಿಜಾರು ಮಾಡಿಕೋ. ಬೇಕಾದ ಬಣ್ಣವನ್ನೆಲ್ಲ ಮೊದಲೇ ಕಲಸಿಡು, ನಡುವೆ ಮುಗಿದರೆ ಅದೇ ಬಣ್ಣ ಇನ್ನೊಮ್ಮೆ ಬರುವುದಿಲ್ಲ. ಕುಂಚವನ್ನು ತುಂಬಿಸಿ ಮೇಲಂಚಿನಲ್ಲಿ ಎಡದಿಂದ ಬಲಕ್ಕೆ ಒಂದೇ ಎಳೆತ. ಆ ಪಟ್ಟಿಯ ಕೆಳಗಿನ ಅಂಚಿನಲ್ಲಿ ಬಣ್ಣದ ನೀರು ಉಬ್ಬಿ ನಿಲ್ಲುತ್ತದೆ, ನೋಡು. ಆ ಉಬ್ಬು ಒಣಗಬಾರದು, ಒಡೆದು ಹರಿಯಲೂ ಬಾರದು. ಮುಂದಿನ ಎಳೆತ ಅದನ್ನು ಮುಟ್ಟಿ ಒಂದು ಹೆಜ್ಜೆ ಕೆಳಗೆ ಕರೆತರಬೇಕು. ಹೀಗೆ ತಳದವರೆಗೆ. ಕೊನೆಯಲ್ಲಿ ಕುಂಚವನ್ನು ಹಿಂಡಿಕೊಂಡು, ಅಂಚಿಗೆ ನಿಂತ ನೀರನ್ನು ತುದಿಯಿಂದ ಹೀರಿಸಬೇಕು. ದಾಟಿ ಬಂದ ಜಾಗಕ್ಕೆ ಮತ್ತೆ ಕುಂಚ ಮುಟ್ಟಿಸಿದೆಯೋ, ಕೆಟ್ಟಿತು.

ಅವಳು ಮುಟ್ಟಿಸುತ್ತಾಳೆ. ಮುಟ್ಟಿಸದೆ ಇರಲು ಅವಳಿಂದಾಗುವುದಿಲ್ಲ. ಅರೆ ಒಣಗಿದ ಆಕಾಶದೊಳಗೆ ಹಸಿ ನೀರು ನುಗ್ಗಿ ಬಣ್ಣವನ್ನು ಹೊರಗೆ ತಳ್ಳಿ, ಅಂಚು ಮುರುಟಿದ ಒಂದು ಹೂಕೋಸು ಅರಳುತ್ತದೆ. ಕಚೇರಿಯಲ್ಲಾಗಿದ್ದರೆ ಆ ಪ್ರಿಂಟ್ ಕಸದ ಬುಟ್ಟಿಗೆ, ನನಗೆ ಬೈಗುಳ. ಅವಳು ಒಂದು ಗಳಿಗೆ ನೋಡಿದಳು, ಹೂಕೋಸಿನ ಕೆಳಗೆ ಒಂದು ಕಾಂಡ ಬರೆದಳು. ಮರವಾಯಿತು. ಮೂವತ್ತಾರು ವರ್ಷ ಸರ್ಕಾರಿ ಕೆಲಸ ಮಾಡಿದ ನನಗೆ ಈ ಧೈರ್ಯ ಎಂದೂ ಬಂದಿರಲಿಲ್ಲ.

ಹವೆಯೂ ಇಬ್ಬರ ನಡುವೆ ಆಟ ಆಡುತ್ತದೆ. ಏಪ್ರಿಲ್‌ನ ಶಿವಮೊಗ್ಗದಲ್ಲಿ ಮೊದಲ ಎಳೆತ ಮುಗಿಸಿ ಎರಡನೆಯದಕ್ಕೆ ಕುಂಚ ಅದ್ದುವಷ್ಟರಲ್ಲಿ ಕಾಗದ ಒಣಗಿರುತ್ತದೆ. ಫ್ಯಾನ್ ಆರಿಸಿಕೊಂಡು ಬೆವರುತ್ತ ಬರೆಯುತ್ತೇನೆ. ಅವಳದು ಚಹಾ ಕುಡಿದು ಬಂದರೂ ಹಸಿಯಾಗಿಯೇ ಇರುತ್ತದೆ. ಜೂನ್ ಕಳೆದ ಮೇಲೆ ಲೆಕ್ಕ ಸಮ ಆಗುತ್ತದೆ. ಆಗ ನನ್ನ ಬಣ್ಣದ ಬಿಲ್ಲೆಗಳ ಮೇಲೂ ಬೂಷ್ಟು. ಜಲವರ್ಣವನ್ನು ಹಿಡಿದಿಡುವುದು ಜಾಲಿಯ ಕುಲದ ಮರದ ಅಂಟು, ಮಲೆನಾಡಿನ ಮಳೆಗಾಲದಲ್ಲಿ ಬೂಷ್ಟಿಗೆ ಅದಕ್ಕಿಂತ ಒಳ್ಳೆಯ ಊಟ ಇನ್ನೇನು ಬೇಕು? ಡಬ್ಬಿಯ ಮುಚ್ಚಳ ತೆರೆದಿಟ್ಟು, ಬಿಲ್ಲೆಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಕಾಗದವನ್ನು ಅಕ್ಕಿಡಬ್ಬದ ಪಕ್ಕ ಇಡುತ್ತೇನೆ.

ನಿವೃತ್ತರಾದವರಿಗೆಂದು ಈಗ ಬಣ್ಣ ತುಂಬುವ ಪುಸ್ತಕಗಳು ಬರುತ್ತವೆ. ನನಗೂ ಒಬ್ಬರು ಉಡುಗೊರೆ ಕೊಟ್ಟರು. ದಪ್ಪ ಗೆರೆಯ ನವಿಲು, ದಪ್ಪ ಗೆರೆಯ ಕಮಲ. ಮನಸ್ಸಿಗೆ ನೆಮ್ಮದಿ, ಕೈಗೆ ವ್ಯಾಯಾಮ ಎಂದು ಹಿಂಬದಿಯಲ್ಲಿ ಅಚ್ಚಾಗಿತ್ತು. ಬೇರೆಯವರ ಗೆರೆಯೊಳಗೆ ಬಣ್ಣ ತುಂಬಿಯೇ ಪಿಂಚಣಿ ಸಂಪಾದಿಸಿದವಳಿಗೆ ಮತ್ತೆ ಅದೇ ಕೆಲಸ, ಅದೂ ಸಂಬಳವಿಲ್ಲದೆ! ಪುಸ್ತಕವನ್ನು ಕೆಳಮನೆಯ ಹುಡುಗನಿಗೆ ದಾಟಿಸಿದೆ. ವಯಸ್ಸಾದವರಿಗೆ ನೆಮ್ಮದಿಯೊಂದೇ ಬೇಕು ಎಂದು ಯಾರು ಹೇಳಿದರೋ. ನನಗೆ ಬೇಕಾಗಿದ್ದುದು ಕಷ್ಟದ ಕೆಲಸ, ಅದರಲ್ಲಿ ನನ್ನ ಜತೆ ಜಗಳ ಆಡುವ ಒಂದು ಜನ.

ಜಗಳಕ್ಕೆ ಈ ಹುಡುಗಿ ಹಿಂದೆ ಬೀಳುವುದಿಲ್ಲ. “ಅಜ್ಜಿ, ನಿನ್ನ ಆಕಾಶ ಯಾಕೆ ಯಾವಾಗಲೂ ಇಷ್ಟು ನೀಲಿ? ಇಂಕ್ ಚೆಲ್ಲಿದ ಹಾಗೆ ಇದೆ” ಎಂದು ಒಮ್ಮೆ ಕೇಳಿದಳು. ನನಗೆ ಸಿಟ್ಟು ಬಂತು. ನನ್ನ ಕಣ್ಣಿಗೆ ಆ ಆಕಾಶ ತಿಳಿಯಾಗಿಯೇ ಕಾಣುತ್ತಿತ್ತು. ಅದಾಗಿ ಕೆಲವು ತಿಂಗಳಿಗೆ ಬಲಗಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಯಿತು. ಪಟ್ಟಿ ಬಿಚ್ಚಿ ಮನೆಗೆ ಬಂದ ಮೇಲೆ ಒಂದೊಂದೇ ಕಣ್ಣು ಮುಚ್ಚಿ ಬಿಳಿಯ ಕಾಗದ ನೋಡಿದೆ. ಬಲಗಣ್ಣಿಗೆ ಅದು ಹಾಲು ಬಿಳುಪು. ಎಡಗಣ್ಣಿಗೆ ಹಳೆಯ ಲಗ್ನಪತ್ರಿಕೆಯ ಬಣ್ಣ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟಿ ನೀಲಿ ಬೆಳಕನ್ನು ತಡೆಯುತ್ತದೆಯಂತೆ. ಒಳಗೆ ಬರುವ ನೀಲಿ ಕಡಿಮೆಯಾದಷ್ಟೂ ನಾನು ಕುಂಚದಲ್ಲಿ ಜಾಸ್ತಿ ಸುರಿಯುತ್ತಿದ್ದೆ. ಫ್ರಾನ್ಸಿನ ಚಿತ್ರಕಾರ ಮೊನೆ ಕೂಡ ಪೊರೆಯಿಂದ ಬಳಲಿ 1923ರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವನು ಎಂದು ಮೊಮ್ಮಗಳೇ ಹುಡುಕಿ ಹೇಳಿದಳು. ಎಡಗಣ್ಣೂ ಸರಿಯಾಗುವವರೆಗೆ ಒಂದು ಒಪ್ಪಂದ ಮಾಡಿಕೊಂಡೆವು: ನಾನು ನೀಲಿ ಕಲಸಿ ಕಾಗದದ ಚೂರಿನ ಮೇಲೆ ಒಂದು ಗೆರೆ ಎಳೆದು ತೋರಿಸುವುದು, ಅವಳು “ಇನ್ನೂ ನೀರು” ಅಥವಾ “ಸಾಕು” ಎನ್ನುವುದು. ಅವಳ ಮೊಬೈಲಿನ ಪರದೆ ಎಷ್ಟು ಪ್ರಾಮಾಣಿಕವೋ ಗೊತ್ತಿಲ್ಲ, ಆದರೂ ಐದು ಸಾವಿರ ಮೈಲಿ ಆಚೆಯ ಹನ್ನೊಂದು ವರ್ಷದ ಕಣ್ಣು ನನ್ನ ಮೇಜಿನ ಮೇಲಿನ ಬಣ್ಣಕ್ಕೆ ಸಹಿ ಹಾಕುತ್ತಿತ್ತು.

ಇನ್ನೊಂದು ಶನಿವಾರ ಅವಳು ಶಾಲೆಯವರ ಜತೆ ಲೀಡ್ಸ್ ಆರ್ಟ್ ಗ್ಯಾಲರಿಗೆ ಹೋಗಿ ಬಂದ ಸುದ್ದಿ ತಂದಳು. ಜಾನ್ ಸೆಲ್ ಕಾಟ್‌ಮನ್ ಎಂಬ ಜಲವರ್ಣ ಕಲಾವಿದನ ಚಿತ್ರಗಳ ದೊಡ್ಡ ಸಂಗ್ರಹ ಆ ಗ್ಯಾಲರಿಯಲ್ಲಿದೆ. 1782ರಲ್ಲಿ ಹುಟ್ಟಿ 1842ರಲ್ಲಿ ತೀರಿಕೊಂಡವನು. ಮೊಮ್ಮಗಳು ಮನೆಗೆ ಬಂದು ಅವನ ಇನ್ನಷ್ಟು ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಹುಡುಕಿ, ಒಂದನ್ನು ನನಗೆ ಕಳಿಸಿ, “ಅಜ್ಜಿ, ನೀನು ಆಫೀಸಿನಲ್ಲಿ ಬರೆಯುತ್ತಿದ್ದದ್ದು ಇದೇ ಅಲ್ಲವಾ?” ಎಂದು ಕೇಳಿದಳು.

ತೆರೆದು ನೋಡಿದರೆ ಅದೊಂದು ಮೇಲ್ಗಾಲುವೆ! ನಾವು ಕಚೇರಿಯಲ್ಲಿ ಅಕ್ವಡಕ್ಟ್ ಎನ್ನುತ್ತಿದ್ದೆವು. ತಗ್ಗು ಬಂದಾಗ, ಹಳ್ಳ ಅಡ್ಡ ಬಂದಾಗ, ಕಂಬ ಕಮಾನುಗಳ ಮೇಲೆ ಕಾಲುವೆಯನ್ನೇ ದಾಟಿಸುವ ಕಟ್ಟಡ. ಇದು ವೇಲ್ಸ್ ಗಡಿಯ ಚರ್ಕ್ ಎಂಬಲ್ಲಿಯದು, 1801ರಲ್ಲಿ ಮುಗಿದದ್ದು. ಟೆಲ್ಫರ್ಡ್ ಮತ್ತು ಜೆಸಪ್ ಎಂಬ ಎಂಜಿನಿಯರುಗಳ ಕೆಲಸ. ಅದು ಕಟ್ಟಿ ಹೆಚ್ಚು ವರ್ಷ ಆಗುವ ಮೊದಲೇ ಕಾಟ್‌ಮನ್ ಬರೆದಿದ್ದಾನೆ, ಚಿತ್ರ ಈಗ ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಎತ್ತರದ ಕಮಾನುಗಳು, ಕೆಳಗಿನ ನೀರಿನಲ್ಲಿ ಅವುಗಳ ಬಿಂಬ. ನಾನು ಬಹಳ ಹೊತ್ತು ನೋಡಿದ್ದು ಕಮಾನನ್ನಲ್ಲ, ವಾಷನ್ನು. ಎಲ್ಲೂ ತಿದ್ದಿದ ಗುರುತಿಲ್ಲ. ಒಂದೊಂದು ಮೈಯನ್ನೂ ಒಂದೊಂದು ಚಪ್ಪಟೆ ಬಣ್ಣದಲ್ಲಿ ಇಳಿಸಿ, ಅಂಚಿನಲ್ಲಿ ಗೀರಿದಂತೆ ನಿಲ್ಲಿಸಿದ್ದಾನೆ. ನಮ್ಮ ಹೆಡ್ ಡ್ರಾಫ್ಟ್ಸ್‌ಮನ್ ಇದ್ದಿದ್ದರೆ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡುತ್ತಿದ್ದರು.

ಆಮೇಲೆ ಓದಿದೆ, ಈ ಕಾಟ್‌ಮನ್ ಜೀವನವಿಡೀ ಡ್ರಾಯಿಂಗ್ ಮೇಷ್ಟರಾಗಿಯೇ ಹೊಟ್ಟೆ ಹೊರೆದವನು. ನಾರಿಚ್ ಊರಿನಲ್ಲಿ ತನ್ನ ಚಿತ್ರಗಳನ್ನೇ ಗ್ರಂಥಾಲಯದಂತೆ ಇಟ್ಟು, ಚಂದಾ ಕಟ್ಟಿದವರಿಗೆ ಎರವಲು ಕೊಟ್ಟು, ಮನೆಯಲ್ಲಿ ನಕಲು ಮಾಡಿ ಕಲಿಯಿರಿ ಎನ್ನುತ್ತಿದ್ದನಂತೆ. ನಕಲು ಮಾಡುವುದನ್ನು ಕೀಳು ಎಂದುಕೊಂಡವರು ಇದನ್ನು ಸ್ವಲ್ಪ ಗಮನಿಸಬೇಕು. ನಾವಿಬ್ಬರೂ ಆ ಮೇಲ್ಗಾಲುವೆಯನ್ನು ನಕಲು ಮಾಡಲು ಕೂತೆವು. ನನ್ನದು ಕಮಾನು ಬಿಗಿಯಾಗಿ ಬಂತು, ಗಾಳಿಯಿಲ್ಲ. ಅವಳದರಲ್ಲಿ ಕಮಾನು ಸೊಟ್ಟ, ನೀರು ಮಾತ್ರ ನೀರಿನಂತಿತ್ತು. ಕಮಾನಿನ ಕಲ್ಲುಗಳು ಬೀಳದೆ ಹೇಗೆ ನಿಂತಿವೆ ಎಂದು ಅವಳು ಕೇಳಿದ್ದರಿಂದ ಆ ದಿನದ ಕೊನೆಯರ್ಧ ಚಿತ್ರ ಬಿಟ್ಟು ಕಮಾನಿನ ನೆತ್ತಿಯಲ್ಲಿ ಕೂರುವ ಕೀಲಿಗಲ್ಲಿನ ಪಾಠವಾಯಿತು. ಬಿಸ್ಕತ್ತುಗಳನ್ನು ಕಡಿದು ಕಮಾನು ಕಟ್ಟಿ ತೋರಿಸಿದೆ, ಅವಳು ಆಚೆ ಕಡೆ ತನ್ನ ಬಿಸ್ಕತ್ತುಗಳಲ್ಲಿ. ನಾನು ಏನು ಕೆಲಸ ಮಾಡುತ್ತಿದ್ದೆ ಎಂಬುದನ್ನು ಮನೆಯಲ್ಲಿ ಯಾರೂ ಅಷ್ಟು ವಿವರವಾಗಿ ಕೇಳಿದ್ದು ನೆನಪಿಲ್ಲ. ನಮ್ಮ ಯಜಮಾನರೂ ಕೇಳಿರಲಿಲ್ಲ, ಪಾಪ, ಅವರಿಗೆ ಅದು ಸಂಬಳದ ದಿನಾಂಕವಷ್ಟೇ.

ಕಾಟ್‌ಮನ್‌ಗೆ ಉತ್ತರವಾಗಿ ನಾನು ಕೆ. ವೆಂಕಟಪ್ಪನವರನ್ನು ಕಳಿಸಿದೆ. ಮೈಸೂರು ಅರಮನೆಯ ಚಿತ್ರಕಾರರ ಮನೆತನದಲ್ಲಿ 1886ರಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟ್ಯಾಗೋರರ ಬಳಿ ಕಲಿತು ಬಂದವರು, ಊಟಿ ಮತ್ತು ಕೊಡೈಕನಾಲ್‌ಗಳ ಮಂಜನ್ನು ಜಲವರ್ಣದಲ್ಲಿ ಹಿಡಿದವರು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಗ್ಯಾಲರಿ ಇದೆ. ಚಿತ್ರ ನೋಡಿ ಅವಳು ಹೇಳಿದ್ದು: “ಇದು ಇಂಡಿಯಾನಾ? ನಮ್ಮ ಊರಿನ ಹಾಗೆ ಮೋಡ ಇದೆ.” ಬೆಟ್ಟದ ಮೋಡಕ್ಕೆ ಪಾಸ್‌ಪೋರ್ಟ್ ಕೇಳುವವರು ಯಾರು ಎಂದೆ. ಅದು ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು, ಆಮೇಲೆ ನಗುತ್ತ ಕುಂಚವನ್ನು ಚಹಾದ ಲೋಟಕ್ಕೆ ಅದ್ದಿದಳು.

ಇಷ್ಟು ಹೊತ್ತಿಗೆ ನೀವು ಇದು ಅಜ್ಜಿ ಮೊಮ್ಮಗಳ ಕಥೆ ಎಂದುಕೊಂಡಿರಬಹುದು. ಅಷ್ಟೇ ಆಗಿದ್ದರೆ ಸುಲಭವಿತ್ತು. ಮೇಲೆ ಇನ್ನೊಬ್ಬರಿದ್ದಾರೆ, ನಮ್ಮ ಅವ್ವ. ತೊಂಬತ್ತರ ಹತ್ತಿರ. ಸಾಗರ ತಾಲ್ಲೂಕಿನ ಊರಿನಲ್ಲಿ ತಮ್ಮನ ಮನೆಯಲ್ಲಿದ್ದಾಳೆ, ವರ್ಷಕ್ಕೆ ಕೆಲವು ತಿಂಗಳು ನನ್ನಲ್ಲಿಗೆ ಬರುತ್ತಾಳೆ. ನಾವು ದೀವರು, ಮಲೆನಾಡಿನ ಒಂದು ಸಮುದಾಯದವರು. ನಮ್ಮಲ್ಲಿ ಹೆಂಗಸರು ಚಿತ್ತಾರ ಬರೆಯುತ್ತಾರೆ, ಮದುವೆಯಲ್ಲಿ ಹಸೆಗೋಡೆಯ ಮೇಲೆ, ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೆ. ಕೆಮ್ಮಣ್ಣು ಬಳಿದು ಒಣಗಿಸಿದ ಮೈಯ ಮೇಲೆ ನೆನೆಸಿದ ಅಕ್ಕಿಯನ್ನು ಅರೆದ ಬಿಳಿ, ಹುರಿದು ಕರಿಕಾದ ಅಕ್ಕಿಯ ಕಪ್ಪು, ಗುರಿಗೆ ಎಂಬ ಕಾಡುಮರದ ಹಳದಿ. ಕುಂಚ ಎಂದರೆ ಪುಂಡಿ ನಾರು. ತುದಿ ಜಜ್ಜಿ, ಹದ ಮಾಡಿಕೊಂಡರೆ ಕೂದಲೆಳೆಯ ಗೆರೆ ಬರುತ್ತದೆ. ಅವ್ವ ಅಳತೆಗೋಲು ಮುಟ್ಟಿದವಳಲ್ಲ. ಆದರೂ ಅವಳ ಎಳೆಗಳ ನಡುವಿನ ಅಂತರವನ್ನು ಚಿಕ್ಕವಳಿದ್ದಾಗ ನಾನು ಬೆರಳಿಟ್ಟು ಅಳೆದು ನೋಡಿ ಸೋತಿದ್ದೇನೆ. ಡ್ರಾಯಿಂಗ್ ಹಲಗೆಯ ಮುಂದೆ ಮೊದಲ ದಿನ ಕೂತಾಗ ನನ್ನ ಕೈ ನಡುಗದಿದ್ದುದಕ್ಕೆ ಅವ್ವ ಕಾರಣ, ತರಬೇತಿ ಸಂಸ್ಥೆಯ ಸರ್ಟಿಫಿಕೇಟ್ ಅಲ್ಲ.

ಈಗ ಅವಳ ಕಣ್ಣು ಮಂಜು, ಕೈ ನಡುಗುತ್ತದೆ. ಶನಿವಾರ ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂರುತ್ತಾಳೆ. ಮೊಬೈಲಿನಲ್ಲಿ ಮುಖ ಕಾಣುವಾಗ ಅವಳಿಗೆ ಏನು ಮಾತನಾಡಬೇಕೆಂದೇ ತೋಚುತ್ತಿರಲಿಲ್ಲ, “ಆರಾಮ?” ಎಂದು ಕೂಗಿ ಸುಮ್ಮನಾಗುತ್ತಿದ್ದಳು. ಕಾಗದ ಕಾಣತೊಡಗಿದ ಮೇಲೆ ಬಾಯಿ ಬಿಟ್ಟಿದ್ದಾಳೆ. ಮರಿಮಗಳ ಕುಂಚ ಮೇಲೆದ್ದ ಕೂಡಲೇ “ನೀರು ಜಾಸ್ತಿ ಆಯಿತು, ಕೊಡವು” ಎನ್ನುತ್ತಾಳೆ. ಅಷ್ಟು ಮಂಜುಗಣ್ಣಿಗೆ ಅದು ಹೇಗೆ ಕಂಡಿತೋ. ಕುಂಚ ಎತ್ತುವ ಭಾರದಲ್ಲೇ ತಿಳಿಯುತ್ತದೆ ಎಂದು ಅವಳ ವಾದ. ಮರಿಮಗಳು “ದೊಡ್ಡಜ್ಜಿ, ಈಗ ಸರಿಯಾ?” ಎಂದು ಕೇಳಿ ಕೇಳಿ ಕೊಡವುತ್ತಾಳೆ. ಅವರಿಬ್ಬರ ಸಂಭಾಷಣೆ ಬಹುತೇಕ ನೀರಿನ ಬಗ್ಗೆಯೇ. ಜಾಸ್ತಿ, ಕಡಿಮೆ, ಕೊಡವು, ತಡಿ, ಈಗ ಎಳೆ. ಈ ಮಾತುಗಳಲ್ಲಿ ಕ್ರಿಯಾಪದಗಳೇ ತುಂಬಿವೆ, ಹುಡುಗಿ ಎಲ್ಲಿಯೂ ನಿಲ್ಲುವುದಿಲ್ಲ.

ಹಳದಿಯ ವಿಷಯಕ್ಕೆ ಬರುತ್ತೇನೆ, ನಮ್ಮ ಮನೆಯಲ್ಲಿ ಈಗ ನಡೆಯುತ್ತಿರುವ ವ್ಯಾಜ್ಯ ಅದೇ. ಮೇಲೆ ಹಿತ್ತಾಳೆಗೆ ಗ್ಯಾಂಬೋಜ್ ಎಂದೆನಲ್ಲ, ಆ ಬಣ್ಣ ಗಾರ್ಸೀನಿಯಾ ಎಂಬ ಕುಲದ ಮರದಿಂದ ಒಸರುವ ಹಳದಿ ಅಂಟು. ಪೂರ್ವದ ಕಾಂಬೋಡಿಯಾ, ಥಾಯ್ಲೆಂಡ್ ಕಡೆಯಿಂದ ಯುರೋಪಿಗೆ ಹೋಗುತ್ತಿತ್ತು. ನಮ್ಮ ಮುರುಗಲು, ಉಪ್ಪಾಗೆ ಎಲ್ಲ ಇದೇ ಕುಲ. ನಮ್ಮ ಕಾಡಿನ ಗುರಿಗೆಯೂ ಅದೇ ಕುಲದ್ದು, ಪುಸ್ತಕದಲ್ಲಿ ಅರಿಶಿನ ಗುರಗಿ ಎಂದು ಬರೆದಿರುತ್ತಾರೆ. ಅಂದರೆ ಅವ್ವ ಬುಟ್ಟಿಗೆ ಹಚ್ಚುತ್ತಿದ್ದ ಹಳದಿಯೂ ನಾನು ಸರ್ಕಾರಿ ಪಿಂಗಾಣಿ ತಟ್ಟೆಯಲ್ಲಿ ತೇಯುತ್ತಿದ್ದ ಬ್ರಿಟಿಷರ ಹಳದಿಯೂ ದಾಯಾದಿಗಳು. ನನಗಿದು ಗೊತ್ತಾದದ್ದು ನಿವೃತ್ತಿಯ ಎಷ್ಟೋ ವರ್ಷಗಳ ನಂತರ. ಗೊತ್ತಾದ ರಾತ್ರಿ ನಿದ್ದೆ ಬರಲಿಲ್ಲ, ಬೆಳಗಾದ ಮೇಲೆ ಅವ್ವನಿಗೆ ಫೋನ್ ಮಾಡಿ ಹೇಳಿದರೆ ಅವಳು “ಆಗಲಿ, ಗಂಜಿ ಕುಡಿದೆಯಾ?” ಎಂದಳು. ಇಂದು ಅಂಗಡಿಯಲ್ಲಿ ಸಿಗುವ ಗ್ಯಾಂಬೋಜ್ ಟ್ಯೂಬುಗಳಲ್ಲಿ ಹೆಸರು ಮಾತ್ರ ಹಳೆಯದು. ವಿನ್ಸರ್ ಆ್ಯಂಡ್ ನ್ಯೂಟನ್‌ನಂಥ ಕಂಪನಿಯೇ 2005ರಲ್ಲಿ ಅಸಲಿಯನ್ನು ಕೈಬಿಟ್ಟು ಬೇರೆ ವರ್ಣದ್ರವ್ಯಕ್ಕೆ ಬಂದಿತು. ಅಸಲಿ ಬಣ್ಣ ಬೆಳಕಿಗೆ ನಿಲ್ಲುವುದಿಲ್ಲ, ವಿಷವೂ ಹೌದು. ಹೊಸದು ಗಟ್ಟಿ.

ಮೊಮ್ಮಗಳು ಈ ಅಕ್ಟೋಬರಿನ ರಜೆಗೆ ಬರುತ್ತಿದ್ದಾಳೆ. ಭೂಮಿ ಹುಣ್ಣಿಮೆಯ ಆಸುಪಾಸು. ಅವಳಿಗೆ ಬುಟ್ಟಿ ಬರೆಯಬೇಕಂತೆ. ಅವಳು ತನ್ನ ಬಣ್ಣದ ಡಬ್ಬಿ ತರುತ್ತಾಳೆ, ಅದರಲ್ಲಿ ಅಲ್ಟ್ರಾಮರೀನ್ ಇದೆ, ಬುಟ್ಟಿಯ ಒಂದು ಸಾಲಿಗಾದರೂ ನೀಲಿ ಬೇಕೇ ಬೇಕು ಎಂದು ಹಟ. ಅವ್ವ ಕೇಳಿಸಿಕೊಂಡು, ಬುಟ್ಟಿಗೆ ನೀಲಿ ಯಾವ ಕಾಲದಲ್ಲಿತ್ತು ಎಂದಳು. ಬುಟ್ಟಿಯಲ್ಲಿ ಒಯ್ದ ಚರಗ, ಅಂದರೆ ನೈವೇದ್ಯದ ಅನ್ನ, ಬೀರುವುದು ಗದ್ದೆಗೆ, ಗದ್ದೆಗೆ ಟ್ಯೂಬಿನ ಬಣ್ಣ ತೋರಿಸಬಾರದು ಎಂಬುದು ಅವಳ ತೀರ್ಪು. ಮಧ್ಯದಲ್ಲಿ ನನ್ನ ಮಗಳು ಅಡುಗೆಮನೆಯಿಂದ ತಲೆ ಹಾಕಿ, ಎರಡು ಬುಟ್ಟಿ ಬರೆಯಿರಿ, ಒಂದು ಪೂಜೆಗೆ, ಒಂದು ವಿಮಾನಕ್ಕೆ ಎಂದಳು. ಇಪ್ಪತ್ತು ವರ್ಷ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಮಾಡಿದವಳ ಬುದ್ಧಿ. ಇದುವರೆಗೆ ಅವಳು ಕುಂಚ ಹಿಡಿದಿಲ್ಲ, ಹಿಡಿಯುವ ಆಸೆಯೂ ಇಲ್ಲ. ಕಾರ್ಪೆಟ್ಟಿನ ಮೇಲೆ ಬಣ್ಣ ಬೀಳಿಸಬೇಡಿ ಎನ್ನುವುದಷ್ಟೇ ಅವಳ ಕಲಾವಿಮರ್ಶೆ. ಆದರೆ ಶನಿವಾರ ಹತ್ತು ಗಂಟೆಗೆ ಮಗಳ ಮೇಜಿನ ಮೇಲೆ ಶುದ್ಧ ನೀರಿನ ಎರಡು ಲೋಟ ಇಡುವವಳು ಅವಳೇ ಎಂದು ಇತ್ತೀಚೆಗೆ ಗಮನಿಸಿದೆ. ಒಂದು ಕುಂಚ ತೊಳೆಯಲು, ಇನ್ನೊಂದು ಬಣ್ಣ ಕಲಸಲು. ಅದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಚಿಕ್ಕಂದಿನಲ್ಲಿ ನನ್ನ ಮೇಜಿನ ಮೇಲೆ ನೋಡಿದ್ದಿರಬೇಕು.

ಎರಡು ಬುಟ್ಟಿಯ ಸೂತ್ರಕ್ಕೆ ಅವ್ವ ಒಪ್ಪಿದ್ದಾಳೆ, ಒಂದು ಷರತ್ತಿನ ಮೇಲೆ. ಪೂಜೆಯ ಬುಟ್ಟಿಗೆ ಗುರಿಗೆಯೇ ಆಗಬೇಕು. ತಮ್ಮನ ಮನೆಯ ಅಟ್ಟದಲ್ಲಿದ್ದ ಒಣಗಿದ ಗುರಿಗೆ ಹುಳ ಹಿಡಿದು ಹೋಗಿದೆ. ಮರ ಇದ್ದ ಜಾಗದಲ್ಲಿ ಈಗ ಅಡಿಕೆ ತೋಟ. ಪುಂಡಿ ನಾರು ಸಿಕ್ಕಿದೆ, ಕೆಮ್ಮಣ್ಣಿಗೆ ಬರವಿಲ್ಲ, ಬುಟ್ಟಿ ಹೆಣೆಯುವವರಿಗೆ ಹೇಳಿಯಾಗಿದೆ. ಸಾಗರ, ಸೊರಬ, ಹೊಸನಗರ, ಸಿದ್ದಾಪುರದ ಕಡೆಯವರು ಇದನ್ನು ಓದುತ್ತಿದ್ದು, ನಿಮ್ಮ ಮನೆಯ ಡಬ್ಬಿಯಲ್ಲಿ ಒಂದು ಹಿಡಿ ಗುರಿಗೆ ಇದ್ದರೆ ದಯವಿಟ್ಟು ತಿಳಿಸಿ. ಬಸ್ಸಿನಲ್ಲಿ ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ. ಅರಿಶಿನದ ಪುಡಿ ಕಲಸಿ ಅದೇ ಇದು ಎಂದು ಅವ್ವನಿಗೆ ತೋರಿಸಿ ನೋಡಿ ಎಂಬ ಸಲಹೆ ಮಾತ್ರ ಬೇಡ. ತಮ್ಮ ಆ ಪ್ರಯೋಗವನ್ನು ಆಗಲೇ ಮಾಡಿ, ಮೂಸಿ ನೋಡಿದ ಅವ್ವನಿಂದ ಸರಿಯಾಗಿ ಬೈಸಿಕೊಂಡಿದ್ದಾನೆ.